ಹುಡುಗನನ್ನು ನೋಡಲು ಹಡಗು ಹತ್ತಿದವರು

ಪುಂಜಾಲಕಟ್ಟೆಯ ಅಕ್ಕ ತೀರಿಹೋದರೆಂದು ಫೋನು ಮಾಡಿದವರು ಅವರ ನೆರೆಮನೆಯ ಹೆಂಗಸು. "ಟೀಚರೇ, ಅಕ್ಕ ಹೋದರು" ಎಂದರು. ನನ್ನ ಬಾಯಿಂದ ಮೊದಲು ಹೊರಟ ಮಾತು, "ಸರಿಯಾಗಿ ವಿಚಾರಿಸಿದ್ದೀರಾ?" ಸಾವಿನ ಸುದ್ದಿಗೆ ಯಾರಾದರೂ ಹಾಗೆ ಕೇಳುತ್ತಾರೆಯೇ? ಅಷ್ಟು ವರ್ಷ ಅವರ ಜೊತೆ ತಿರುಗಿ ಅವರ ಗುಣ ನನಗೂ ಅಂಟಿಕೊಂಡಿತ್ತು. ಫೋನು ಇಟ್ಟ ಮೇಲೆ ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರು ಯಾಕೆ ಹಾಕಿದ್ದು? ಇದರಿಂದ ಇವರಿಗೆ ಎಂತ ಸಿಗ್ತದೆ?" ಎಂದು ಎಲ್ಲಿದ್ದರೂ ಕೇಳಿಯಾರು. ನನ್ನನ್ನು ಅವರು ಕೊನೆಯವರೆಗೂ ಟೀಚರೇ ಎಂದೇ ಕರೆದರು, ನಾನು ಅವರನ್ನು ಅಕ್ಕ ಎಂದೆ. ವಯಸ್ಸಿನಲ್ಲಿ ಅವರಿಗಿಂತ ನಾನೇ ತುಸು ದೊಡ್ಡವಳಿರಬೇಕು. ಆದರೆ ಅವರದ್ದು ಜಮೀನಿದ್ದ ದೊಡ್ಡ ಮನೆ, ಊರಿಗೆ ಊರೇ ಅವರನ್ನು ಅಕ್ಕ ಎನ್ನುತ್ತಿತ್ತು.

ಅಲ್ಲಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ಅವರ ಮಗಳು ನನ್ನ ತರಗತಿಯಲ್ಲಿದ್ದಳು. ಮಕ್ಕಳಿಗೆ ಮಾರ್ಕು ಕಡಿಮೆ ಬಂತೆಂದು ಜಗಳಕ್ಕೆ ಬರುವ ತಾಯಂದಿರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಈ ಹೆಂಗಸು ಉತ್ತರ ಪತ್ರಿಕೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದದ್ದು ಮಾರ್ಕು ಜಾಸ್ತಿಯಾಯಿತೆಂದು.

"ಟೀಚರೇ, ನೀವು ಇದನ್ನು ಸರಿಯಾಗಿ ನೋಡಿದ್ದೀರಾ?"

"ನೋಡಿದ್ದೇನೆ. ಚೆನ್ನಾಗಿ ಬರೆದಿದ್ದಾಳೆ."

"ಮನೆಯಲ್ಲಿ ಇವಳು ಪುಸ್ತಕ ಮುಟ್ಟುವುದನ್ನು ನಾನು ಕಾಣಲಿಲ್ಲ. ಮತ್ತೆ ಎಲ್ಲಿಂದ ಬಂತು ಇಷ್ಟು? ನಮ್ಮಿಂದ ನಿಮಗೆ ಏನಾದರೂ ಆಗ್ಬೇಕಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಎದುರಿಗೆ ಕೂರಿಸಿ ಒಂದೊಂದೇ ಉತ್ತರ ಓದಿಸಿದೆ. ಓದಿ ಮುಗಿಸಿ ಅವರು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅದು ಅವರ ಅಭ್ಯಾಸ. ಮನೆಯಲ್ಲಿ ರಬ್ಬರ್ ಶೀಟು ಸರಿಯಾಗಿ ಒಣಗಿದೆಯೋ ಒಳಗೆ ನೀರು ಉಳಿದಿದೆಯೋ ಎಂದು ಬೆಳಕಿಗೆ ಹಿಡಿದು ಹಿಡಿದು, ನೋಟು, ಮದುವೆ ಕಾಗದ, ಅಂಗಡಿಯ ಸೀರೆ, ಎಲ್ಲವನ್ನೂ ಹಾಗೆಯೇ ನೋಡುತ್ತಿದ್ದರು. "ಇರಲಿ, ನೋಡುವ" ಎಂದು ಎದ್ದು ಹೋದರು. ಮರುವಾರ ಒಂದು ಗೊನೆ ಬಾಳೆಹಣ್ಣು ಕಳಿಸಿದರು. ಈಗ ಸಂಶಯ ನನಗೆ ಬಂತು. ಹಾಗೆ ಶುರುವಾಯಿತು ನಮ್ಮ ಸ್ನೇಹ.

ಮಡಂತ್ಯಾರಿನ ಮೀನು ಮಾರುಕಟ್ಟೆಯಲ್ಲಿ ಅವರು ಕಾಲಿಟ್ಟರೆ ಮಾರುವವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಬಂಗುಡೆಯ ಕಿವಿರು ಎತ್ತಿ, ಹೊಟ್ಟೆ ಒತ್ತಿ, ಮೂಸಿ, ಕೊನೆಗೆ "ಇದು ನಿನ್ನೆಯದ್ದು" ಎಂದರೆ ಮಾರುವವನು, "ನಿನ್ನೆಯದ್ದಲ್ಲ ಅಕ್ಕ, ಈಗಷ್ಟೇ ನನ್ನ ಹತ್ತಿರ ನಿಮ್ಮನ್ನು ವಿಚಾರಿಸ್ತಾ ಇತ್ತು" ಎನ್ನುತ್ತಿದ್ದ. ಅವರು ನಗುತ್ತಿರಲಿಲ್ಲ. ನಗಿಸುವವನು ತೂಕದಲ್ಲಿ ಮೋಸ ಮಾಡುತ್ತಾನೆ ಎಂದು ಅವರ ಲೆಕ್ಕ. ವಾಟ್ಸಾಪಿನಲ್ಲಿ ಯಾರಾದರೂ ಹೂವಿನ ಚಿತ್ರದೊಡನೆ ಶುಭೋದಯ ಕಳಿಸಿದರೆ ನನಗೆ ಫೋನು ಬರುತ್ತಿತ್ತು: "ಇವರು ಇದುವರೆಗೆ ಇಲ್ಲದ್ದು ಇವತ್ತು ಯಾಕೆ ಕಳಿಸಿದ್ದು ಟೀಚರೇ?" ನಾನು ಉಪ್ಪಿನಕಾಯಿ ತೆಗೆದುಕೊಂಡು ಹೋದರೂ ಭರಣಿ ಕೈಗೆ ತೆಗೆದುಕೊಳ್ಳುವ ಮೊದಲು "ಎಂತ ವಿಶೇಷ?" ಎಂಬ ಪ್ರಶ್ನೆ ಇದ್ದದ್ದೇ.

ಇಂಥವರಿಗೆ ಮದುವೆಗೆ ಬೆಳೆದ ಒಬ್ಬಳೇ ಮಗಳು. ಬಂದ ಸಂಬಂಧಗಳನ್ನೆಲ್ಲ ಅವರು ಒಂದಲ್ಲ ಒಂದು ನೆವ ತೆಗೆದು ಬಿಟ್ಟರು. ಒಬ್ಬ ಹುಡುಗ ತುಂಬ ನಗುತ್ತಾನೆಂದು ಬೇಡವಾದ. ಇನ್ನೊಬ್ಬನ ತಾಯಿ ನಗುವುದೇ ಇಲ್ಲವೆಂದು ಅವನೂ ಬೇಡವಾದ. ಮತ್ತೊಬ್ಬ ಬಂದ ದಿನವೇ ಅವರ ಕಾಲಿಗೆ ಬಿದ್ದನಂತೆ. ಅಷ್ಟು ಬೇಗ ಕಾಲಿಗೆ ಬೀಳುವವನು ಅಷ್ಟೇ ಬೇಗ ಕಾಲು ಎಳೆಯುತ್ತಾನೆ ಎಂದರು. ಮಗಳು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸಕ್ಕೆ ಸೇರಿ, ಸಹೋದ್ಯೋಗಿಗಳ ಮದುವೆಗಳಿಗೆಲ್ಲ ಹೋಗಿ ಬಂದು, ಸುಮ್ಮನಿದ್ದಳು.

ಆಗ ಬಂತು ಮಿಜಾರು ಕಡೆಯ ಸಂಬಂಧ. ಹುಡುಗ ವಿದೇಶಿ ಪ್ರವಾಸಿಗರ ದೊಡ್ಡ ಹಡಗಿನಲ್ಲಿ ಕೆಲಸಕ್ಕಿದ್ದ, ಊಟದ ಹಾಲ್‌ನ ಅಸಿಸ್ಟೆಂಟ್ ಮ್ಯಾನೇಜರ್. ರಜೆಯಲ್ಲಿ ಬಂದಾಗ ಹುಡುಗಿಯನ್ನು ಅವಳ ಕಾಲೇಜಿನಲ್ಲೇ ನೋಡಿಹೋದ; ಅಕ್ಕ ಅವನನ್ನು ಕಂಡದ್ದು ಫೋಟೋದಲ್ಲಿ ಮಾತ್ರ, ಅವನು ಅಕ್ಕನನ್ನು ಕಂಡೇ ಇರಲಿಲ್ಲ. ಆಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡತೊಡಗಿದರು. ಮಗಳ ಮುಖದಲ್ಲಿ ಗೆಲುವು ಕಂಡದ್ದೇ ತಾಯಿಗೆ ದಿಗಿಲಾಯಿತು.

ನಮ್ಮಲ್ಲಿ ಹುಡುಗನನ್ನು ವಿಚಾರಿಸುವುದು ಎಂದರೆ ಒಂದು ಕ್ರಮ ಉಂಟು. ಅವನ ಮನೆಗೆ ಹೋಗಿ ಕೇಳುವುದಲ್ಲ. ಅವನ ಮನೆಯ ಹತ್ತಿರದ ಗೂಡಂಗಡಿಯಲ್ಲಿ ಸೋಡ ಕುಡಿದು, ಬಸ್ಸಿಗೆ ಕಾಯುವವರ ಹಾಗೆ ನಿಂತು, ಬೇರೇನೋ ಮಾತಿನ ನಡುವೆ ಅವನ ವಿಷಯ ಎತ್ತಬೇಕು. ಅಕ್ಕ ನನ್ನನ್ನು ಕರೆದುಕೊಂಡು ಮಿಜಾರಿನಲ್ಲಿ ಸೋಡ ಕುಡಿದರು. ಕ್ಷೌರದಂಗಡಿಯ ಬಾಗಿಲಲ್ಲಿ ನಿಂತರು. ಹಾಲಿನ ಸೊಸೈಟಿಯ ಜಗಲಿಯಲ್ಲಿ ಕೂತರು. ಎಲ್ಲರೂ ಒಳ್ಳೆಯ ಹುಡುಗ, ಒಳ್ಳೆಯ ಮನೆ ಎಂದರು. ಹಿಂದೆ ಬರುವಾಗ ಬಸ್ಸಿನಲ್ಲಿ ಅಕ್ಕನ ಮುಖ ಕಪ್ಪಿಟ್ಟಿತ್ತು.

"ಒಬ್ಬನಾದರೂ ಒಂದು ಹುಳುಕು ಹೇಳ್ಬೇಕಿತ್ತು. ಎಲ್ಲರೂ ಒಳ್ಳೆಯದೇ ಹೇಳಿದರೆ ಅದು ಹೇಳಿಕೊಟ್ಟದ್ದು."

"ಒಳ್ಳೆಯವನೇ ಇರಬಹುದಲ್ಲ ಅಕ್ಕ?"

"ಅವನು ಇಲ್ಲಿ ಇರುವುದು ವರ್ಷಕ್ಕೆ ಎರಡು ತಿಂಗಳು ಟೀಚರೇ. ಎರಡು ತಿಂಗಳು ಯಾರು ಒಳ್ಳೆಯವರಲ್ಲ? ಉಳಿದದ್ದು ಹಡಗಿನಲ್ಲಿ. ಹಡಗಿನ ಹತ್ತಿರ ಗೂಡಂಗಡಿ ಎಲ್ಲುಂಟು?"

ಮಗಳು ಮಾತ್ರ ಈ ಸಲ ಸ್ಪಷ್ಟವಾಗಿ ಹೇಳಿದ್ದಳು: "ಅಮ್ಮ, ಇದನ್ನೂ ಬೇಡ ಅಂದರೆ ನಾನು ಇನ್ನು ಯಾರೆದುರೂ ಬಂದು ನಿಲ್ಲುವುದಿಲ್ಲ. ಒತ್ತಾಯ ಮಾಡಿದರೆ ಮನೆಯಲ್ಲೂ ಇರುವುದಿಲ್ಲ." ಅವಳು ಹೇಳಿದ್ದನ್ನು ಮಾಡುವ ಹುಡುಗಿ. ಅದು ಅಕ್ಕನಿಗೂ ಗೊತ್ತು. ಬೇಡ ಎಂದರೆ ಮಗಳು ಕೈಬಿಟ್ಟು ಹೋಗುತ್ತಾಳೆ, ಆಗಲಿ ಎನ್ನಲು ಧೈರ್ಯವಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮೂಡುಬಿದಿರೆಯ ನಮ್ಮ ಮನೆಗೆ ಬಂದು ನೀರು ಸಹ ಕುಡಿಯದೆ ಕೇಳಿದರು: "ಟೀಚರೇ, ನಿಮ್ಮ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇನ್ನೂ ಉಂಟಲ್ಲ?"

ನನ್ನ ಮಗಳ ಬಾಣಂತನಕ್ಕೆ ಹೋಗಿದ್ದಾಗಿನ ವೀಸಾ ಇತ್ತು. ಅವರ ತಂಗಿಯೂ ಅಲ್ಲಿಯೇ ಇದ್ದದ್ದರಿಂದ ಅವರಿಗೂ ಇತ್ತು.

"ಹೋಗುವ" ಎಂದರು. "ಆ ಹಡಗಿನಲ್ಲಿ. ಒಂದು ವಾರ. ಕೆರಿಬಿಯನ್ ಅಂತ ಒಂದು ಸಮುದ್ರ ಉಂಟಂತೆ. ಹುಡುಗನಿಗೂ ಹೇಳುವುದು ಬೇಡ, ಮಗಳಿಗೂ ಹೇಳುವುದು ಬೇಡ. ಟೂರು ಅಂತ ಹೇಳುವ."

ನಾನು ಕೂಡಲೇ ಒಪ್ಪಲಿಲ್ಲ. ಮೀನಿನವನ ಹತ್ತಿರ ಹಿಡಿ ಬೂತಾಯಿ ಹೆಚ್ಚಿಗೆ ಹಾಕಿಸಿಕೊಳ್ಳಲು ವಾದಿಸುವವರು ಹಡಗಿನ ಕೋಣೆಯ ಖರ್ಚು ತನ್ನದೇ ಎಂದರೆ ಏನರ್ಥ? ವೀಸಾ ಇರುವ ಬೇರೆ ಯಾರೂ ಸಿಗಲಿಲ್ಲವೋ, ಇಂಗ್ಲಿಷಿಗೆ ಒಬ್ಬರು ಬೇಕಿತ್ತೋ? ಕೇಳಿಯೇ ಬಿಟ್ಟೆ. ಅವರು ಸ್ವಲ್ಪ ತಲೆ ತಗ್ಗಿಸಿದರು.

"ನಾನು ಹೋಗಿ ನೋಡಿ ಬಂದು ಬೇಡ ಅಂದರೆ ಅವಳು ನಂಬುವುದಿಲ್ಲ. ಅಮ್ಮನಿಗೆ ಎಲ್ಲರ ಮೇಲೂ ಸಂಶಯ ಅಂತಾಳೆ. ನೀವು ಹೇಳಿದರೆ ನಂಬ್ತಾಳೆ. ನಿಮ್ಮ ಕಣ್ಣು ಬೇಕು ನನಗೆ."

ಹೀಗೆ ಸೀರೆ ಉಟ್ಟ ಇಬ್ಬರು ಹೆಂಗಸರು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಮಯಾಮಿ ಎಂಬ ಊರಿನಲ್ಲಿ ಹಡಗು ಹತ್ತಿದೆವು.

ಹಡಗು ಎಂದು ಹೆಸರು, ಹತ್ತಿದರೆ ಅದೊಂದು ಪೇಟೆ. ಅಂಗಡಿ, ಈಜುಕೊಳ, ನಾಟಕಶಾಲೆ, ಜೂಜಿನ ಹಾಲ್. ಅಕ್ಕನಿಗೆ ಮೊದಲ ಸಂಶಯ ಬಂದದ್ದು ಹಡಗು ಹೊರಟಿಲ್ಲ ಎಂದು. ಅಲುಗಾಟವೇ ಇಲ್ಲ. ಕೋಣೆಯ ಮೇಜಿನ ಮೇಲೆ ಲೋಟದ ತುಂಬ ನೀರಿಟ್ಟು ಅದನ್ನೇ ನೋಡುತ್ತ ಕೂತರು. ಎಷ್ಟು ಬೇಕಾದರೂ ತಿನ್ನಬಹುದು, ಎಲ್ಲ ಟಿಕೆಟಿನಲ್ಲೇ ಸೇರಿದೆ ಎಂದು ನಾನು ತಿಳಿಸಿದಾಗ, "ಪುಕ್ಕಟೆ ತಿನ್ನಿಸಿ ಕೊನೆಗೆ ಸಹಿ ಹಾಕಿಸ್ತಾರೆ, ನೋಡಿ" ಎಂದರು. ಕೋಣೆ ಗುಡಿಸುವವನು ಮೈ ಒರೆಸುವ ಬೈರಾಸನ್ನು ಮಡಚಿ ಆನೆ ಮಾಡಿ ಹಾಸಿಗೆಯ ಮೇಲೆ ಇಟ್ಟು ಹೋಗಿದ್ದ. ಅಕ್ಕ ಆ ಆನೆಯನ್ನು ಪೂರ್ತಿ ಬಿಚ್ಚಿ, ಕೊಡವಿ, ಒಳಗೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಮರುದಿನ ಅವನು ಕೋತಿ ಮಾಡಿಟ್ಟ. ಅದಕ್ಕೂ ಅದೇ ಗತಿಯಾಯಿತು.

ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ ಅಷ್ಟೆ. ಮೊದಲ ದಿನ ನಾನು ಸ್ವರ ತಗ್ಗಿಸಿದಾಗ ಅಕ್ಕ ಬೈದರು. "ಯಾಕೆ ಪಿಸುಗುಡುವುದು? ನಮ್ಮ ಎರಡು ತಾಲೂಕು ದಾಟಿದರೆ ತುಳು ಯಾರಿಗೆ ಬರ್ತದೆ ಮಾರಾಯ್ರೆ? ಧಾರಾಳ ಮಾತಾಡಿ." ಅದೊಂದು ವಿಷಯದಲ್ಲಿ ಮಾತ್ರ ಅವರಿಗೆ ಯಾವ ಸಂಶಯವೂ ಇರಲಿಲ್ಲ. ಕೆಲಸದವರ ಎದೆಯ ಮೇಲೆ ಹೆಸರಿನ ಕೆಳಗೆ ಅವರ ದೇಶದ ಹೆಸರೂ ಇತ್ತು. ಬೆಳಿಗ್ಗೆ ಆಮ್ಲೆಟ್ ಮಾಡುವ ನಡುವಯಸ್ಸಿನವನ ಎದೆಯ ಮೇಲೆ ಇಂಡಿಯಾ ಎಂದೇ ಇತ್ತು. "ಇಂಡಿಯಾ ಅಂದರೆ ಸಣ್ಣದಾ? ಬಿಹಾರದವನೋ ಬಂಗಾಳದವನೋ" ಎಂದು ಅಕ್ಕ ತೀರ್ಮಾನ ಕೊಟ್ಟರು. ಸಮಾಜ ಪಾಠವನ್ನೂ ಕೆಲವು ವರ್ಷ ಕಲಿಸಿದ್ದ ನಾನು ತಲೆಯಾಡಿಸಿದೆ.

ಹುಡುಗ ಮೊದಲ ಸಂಜೆಯೇ ಸಿಕ್ಕಿದ. ಕಪ್ಪು ಕೋಟು ಹಾಕಿ ಮೇಜಿನಿಂದ ಮೇಜಿಗೆ ಹೋಗಿ ಎಲ್ಲ ಸರಿಯಿದೆಯೇ ಎಂದು ಕೇಳುತ್ತಿದ್ದ. ಮನೆಯವರು ಹೇಳಿದ ಕೆಲಸವೇ, ಪಾತ್ರೆ ತೊಳೆಯುವವನಲ್ಲ. ಅಕ್ಕನಿಗೆ ಅರ್ಧ ಸಮಾಧಾನ, ಅರ್ಧ ನಿರಾಶೆ. ನಮ್ಮ ಮೇಜಿಗೂ ಬಂದು ಇಂಗ್ಲಿಷಿನಲ್ಲಿ ಕೇಳಿದ. ಅಕ್ಕ ತಲೆಯೆತ್ತದೆ "ಓಕೆ" ಎಂದರು. ಅವನ ಉಗುರು ನೋಡುತ್ತಿದ್ದರು. ಅವನು ಹೋದ ಮೇಲೆ ಇಡೀ ಹಾಲ್‌ಗೆ ಕೇಳುವ ಸ್ವರದಲ್ಲಿ, "ಉಗುರು ಕತ್ತರಿಸಿದ್ದಾನೆ. ಕೈ ನಡುಗುವುದಿಲ್ಲ, ಕುಡಿಯುವವನಲ್ಲ. ಫೋಟೋದಲ್ಲಿ ಕಾಣುವುದಕ್ಕಿಂತ ಕಿವಿ ದೊಡ್ಡದು" ಎಂದರು. ಲಿಫ್ಟಿನಲ್ಲಿಯೂ ಕಿವಿಯ ಮಾತೇ. ಅವನ ತಂದೆಯ ಕಿವಿಯೋ ತಾಯಿಯ ಕಿವಿಯೋ ಎಂದು ಮೇಲಿನ ಮಾಳಿಗೆ ಬರುವವರೆಗೂ ಚರ್ಚೆ.

ಮೂಲೆಯ ಒಂದು ಮೇಜು ಹಿಡಿದು ದಿನವೂ ಅಲ್ಲಿಯೇ ಕೂತೆವು. ಒಂದು ಸಂಜೆ ಕುಡಿದ ಒಬ್ಬ ದಾಂಡಿಗ ಊಟ ತಡವಾಯಿತೆಂದು ಕೂಗಾಡಿ ಲೋಟದಲ್ಲಿದ್ದದ್ದನ್ನು ಹುಡುಗನ ಅಂಗಿಗೆ ಚೆಲ್ಲಿದ. ಇವನು ತಲೆ ಬಾಗಿಸಿ ಹೋಗಿ, ಬೇರೆ ಅಂಗಿ ಹಾಕಿ ಬಂದು, ಅದೇ ಮೇಜಿಗೆ ಊಟ ತಂದಿಟ್ಟ. ನನಗೆ ಅಯ್ಯೋ ಅನ್ನಿಸಿತು.

"ನೋಡಿದಿರಾ? ಎಷ್ಟು ತಾಳ್ಮೆ!" ಎಂದೆ.

"ಇಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ ಟೀಚರೇ. ಇದನ್ನೆಲ್ಲ ಕಟ್ಟಿಟ್ಟು ಮನೆಗೆ ತಂದು ಹೆಂಡತಿಯ ಮೇಲೆ ತೀರಿಸ್ತಾರೆ."

ಬಾಗಿಲ ಬಳಿ ಅಳುತ್ತ ನಿಂತಿದ್ದ, ಅಲ್ಲಿಯೇ ಕೆಲಸಕ್ಕಿದ್ದ ಪರದೇಶದ ಹುಡುಗಿಯೊಬ್ಬಳ ಹತ್ತಿರ ಅವನು ಮೆಲ್ಲಗೆ ಏನೋ ಹೇಳಿ ನಗಿಸಿದ. ಅಕ್ಕನ ಕಣ್ಣು ಸಣ್ಣದಾಯಿತು. ಸಿಕ್ಕಿಬಿದ್ದ ಎಂಬಂತೆ ನನ್ನ ಮೊಣಕೈ ಹಿಂಡಿದರು. ಮರುದಿನ ತಟ್ಟೆ ಎತ್ತುವ ಮುದುಕನೊಬ್ಬನ ಹೆಗಲ ಮೇಲೆ ಕೈಯಿಟ್ಟು ಅದೇ ಮುಖದಲ್ಲಿ ಮಾತಾಡುತ್ತಿದ್ದ. "ಓಹೋ, ಎಲ್ಲರ ಹತ್ತಿರವೂ ಹೀಗೆಯಾ?" ಎಂದರು ಅಕ್ಕ. "ಹಾಗಾದರೆ ಮನೆಯವರಿಗೆ ಅಂತ ಬೇರೆ ಎಂತ ಉಳಿಯಿತು?"

ಈ ನಡುವೆ ಹಡಗಿನವರು ನಮ್ಮನ್ನು ಅತಿಯಾಗಿ ಉಪಚರಿಸುತ್ತಿದ್ದಾರೆ ಎಂದು ನನಗೂ ಅನುಮಾನ ಹತ್ತಿತು. ಐಸು ಹಾಕಿದ ನೀರು ಕುಡಿದು ಗಂಟಲು ಹೋಯಿತೆಂದು ಅಕ್ಕ ನನ್ನ ಹತ್ತಿರ ಗೊಣಗಿದ ಮರುಹೊತ್ತಿನಿಂದ ನಮ್ಮ ಮೇಜಿಗೆ ಕೇಳದೆಯೇ ಬಿಸಿನೀರು ಬರತೊಡಗಿತು. ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ತಿಂದು ಹೊಟ್ಟೆ ನಿಲ್ಲುವುದಿಲ್ಲ, ಒಂದು ಹಿಡಿ ಕುಚ್ಚಲಕ್ಕಿ ಗಂಜಿ ಸಿಕ್ಕಿದ್ದರೆ ಎಂದು ಅವರು ನಿಟ್ಟುಸಿರು ಬಿಟ್ಟ ಮಾರನೆಯ ದಿನ, ಬಟ್ಟಲಿನಲ್ಲಿ ಹಬೆಯಾಡುವ ಕುಚ್ಚಲಕ್ಕಿ ಗಂಜಿ, ಬದಿಯಲ್ಲಿ ಉಪ್ಪಿನಕಾಯಿ. ಅಕ್ಕ ಬಟ್ಟಲನ್ನು ನನ್ನ ಕಡೆ ದೂಡಿದರು.

"ನೀವು ಮೊದಲು ತಿನ್ನಿ. ಏನಾಗ್ತದೆ ನೋಡುವ."

ತಿಂದೆ. ಏನೂ ಆಗಲಿಲ್ಲ. ಇಷ್ಟು ದೊಡ್ಡ ಹಡಗು, ಎಲ್ಲ ದೇಶದ ಅನ್ನವೂ ಇರುತ್ತದೆ ಎಂದು ನಾವೇ ಸಮಾಧಾನ ಮಾಡಿಕೊಂಡೆವು. ಎರಡು ಮಕ್ಕಳಿಗೆ ತಾಯಿಯಾದ, ನೂರಾರು ಮಕ್ಕಳಿಗೆ ಪಾಠ ಹೇಳಿದ ನನ್ನ ಬುದ್ಧಿ ಅಷ್ಟಕ್ಕೇ ನಿಂತಿತು.

ಹಡಗು ಜಮೈಕಾದಲ್ಲಿ ನಿಂತ ದಿನ ಉಳಿದವರೆಲ್ಲ ಜಲಪಾತ ನೋಡಲು ಹೋದರು. ನಾವು ಬಂದರಿನ ಹೊರಗೆ ಸ್ವಲ್ಪ ನಡೆದೆವು. ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಕೆಂಡದ ಮೇಲೆ ಎಳೆ ಹಲಸಿನಂಥ ಜೀಗುಜ್ಜೆಯನ್ನು ಇಡಿಯಾಗಿ ಸುಡುತ್ತಿದ್ದಳು. ಸಿಪ್ಪೆ ಕರಿಯಾಗಿ ಬಿರಿದು ಘಮ್ಮೆನ್ನುತ್ತಿತ್ತು. ಅಕ್ಕ ನಿಂತುಬಿಟ್ಟರು. "ಇದು ನಮ್ಮದಲ್ಲವಾ? ಇಲ್ಲಿಗೆ ಯಾರು ತಂದದ್ದು?" ಎಂದು ಕದ್ದ ಮಾಲು ಕಂಡವರ ಹಾಗೆ ಕೇಳಿದರು. ಆ ಹೆಂಗಸು ನಗುತ್ತ ಒಂದು ತುಂಡು ಕೊಟ್ಟಳು. ಅವಳ ಮರದ ನೆರಳಿನಲ್ಲಿಯೇ ಕೂತು ತಿಂದೆವು. ಕಣ್ಣೆದುರಿಗೆ ನೀಲಿ ಸಮುದ್ರ, ಅದರಲ್ಲಿ ಗೋಡೆ ಎದ್ದ ಹಾಗೆ ನಮ್ಮ ಹಡಗು.

ನನಗೆ ಅಷ್ಟು ಹೊತ್ತಿಗೆ ತಾಳ್ಮೆ ತಪ್ಪಿತ್ತು. "ಅಕ್ಕ, ಅವನಲ್ಲಿ ಏನೂ ತಪ್ಪು ಕಾಣುವುದಿಲ್ಲ. ಇನ್ನೆಷ್ಟು ಹುಡುಕುವುದು? ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು ಅಂತ ನಿಮ್ಮ ಮನಸ್ಸಿನಲ್ಲಿ ಉಂಟಾ?" ಎಂದೆ.

ಅವರಿಗೆ ಸಿಟ್ಟು ಬರಬಹುದೆಂದುಕೊಂಡಿದ್ದೆ. ಬರಲಿಲ್ಲ. ಜೀಗುಜ್ಜೆಯ ಕರಿ ಸಿಪ್ಪೆಯನ್ನು ಬಿಡಿಸುತ್ತ ಹೇಳಿದರು.

"ನನ್ನನ್ನೂ ವಿಚಾರಿಸಿಯೇ ಕೊಟ್ಟದ್ದು ಟೀಚರೇ. ನನ್ನ ಸೋದರಮಾವ ಬೆಳ್ತಂಗಡಿಯಲ್ಲಿ ನನ್ನವರ ಮನೆಯ ಸುತ್ತ ಎಷ್ಟು ಸಲ ಹೋಗಿ ಬಂದಿದ್ದರೋ. ಎಲ್ಲರೂ ಒಳ್ಳೆಯದೇ ಹೇಳಿದ್ದು. ಸುಳ್ಳಲ್ಲ, ಊರಲ್ಲಿ ಅವರು ಎಲ್ಲರಿಗೂ ಬೇಕಾದವರು. ಆದರೆ ಅವರು ಹೋಟೆಲು ಇಟ್ಟದ್ದು ಗಲ್ಫಿನಲ್ಲಿ. ಅಲ್ಲಿಗೆ ಹೋಗಿ ಯಾರೂ ಕೇಳಲಿಲ್ಲ. ಅಲ್ಲಿ ಇನ್ನೊಂದು ಮನೆ ಇತ್ತು."

ಅವರ ಗಂಡ ಗಲ್ಫಿನಲ್ಲಿದ್ದು ಅಲ್ಲಿಯೇ ತೀರಿಕೊಂಡದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ನಿಮಗೆ ಯಾವಾಗ ಗೊತ್ತಾಯಿತು?"

"ಮೊದಲ ರಜೆಯಲ್ಲೇ. ಚಾವಡಿಯಲ್ಲಿ ಕೂತು, ನನ್ನೆದುರೇ, ಫೋನಿನಲ್ಲಿ ಆ ಮನೆಯ ಮಗುವಿಗೆ ಹಿಂದಿಯಲ್ಲಿ ಊಟ ಆಯ್ತಾ ಅಂತ ಕೇಳಿದರು. ನಾನು ಅನ್ನ ಬಡಿಸ್ತಾ ಇದ್ದೆ. ನನಗೆ ಹಿಂದಿ ಬರುವುದಿಲ್ಲ ಅಂತ ತಿಳಿದು ಅಲ್ಲ. ಬಂದರೂ ಎಂತ ಆಯಿತು ಅಂತ."

ನಾನು ಅವರ ಕೈ ಹಿಡಿದುಕೊಂಡೆ. ಕೈಯಲ್ಲಿ ಕರಿ ಹತ್ತಿತ್ತು. ಇಷ್ಟು ವರ್ಷ ಇವರ ಸಂಶಯವನ್ನು ಒಂದು ತಮಾಷೆ ಎಂದುಕೊಂಡು ಹೋದಲ್ಲೆಲ್ಲ ಹೇಳಿ ನಗಿಸುತ್ತಿದ್ದೆ. ನನಗೆ ಆ ನೆರಳಿನಲ್ಲಿ ತುಂಬ ಸಂಕಟವಾಯಿತು. ಅವರು ಕೈ ಬಿಡಿಸಿಕೊಂಡು, ಆ ಹೆಂಗಸು ಪುಕ್ಕಟೆ ಕೊಟ್ಟದ್ದು ಯಾಕಿರಬಹುದು ಎಂದು ಕೇಳಿದರು.

ಕೊನೆಯ ಬೆಳಿಗ್ಗೆ ಬಂತು. ಹಡಗು ಮಯಾಮಿಗೆ ಮರಳಿತ್ತು. ಇಳಿಯುವ ಮೊದಲು ತಿಂಡಿಗೆ ಹೋದೆವು. ಅಕ್ಕ ತಟ್ಟೆ ಹಿಡಿದು ಆಮ್ಲೆಟಿನವನ ಎದುರು ನಿಂತು ನನಗೆ ತುಳುವಿನಲ್ಲಿ ಹೇಳುತ್ತಿದ್ದರು: "ಒಂದು ವಾರ ನೋಡಿದ್ದಾಯಿತು. ತಪ್ಪು ಸಿಕ್ಕಲಿಲ್ಲ. ಆಗಲಿ ಅಂತ ಹೇಳ್ಬೇಕೋ ಏನೋ."

ಆಮ್ಲೆಟಿನವನು ಮೊಟ್ಟೆ ಒಡೆದ. ದಿನವೂ ಇಂಗ್ಲಿಷಿನಲ್ಲಿ ಮೇಡಂ ಎನ್ನುತ್ತಿದ್ದವನು ತಲೆಯೆತ್ತಿ, ಅಪ್ಪಟ ತುಳುವಿನಲ್ಲಿ ಕೇಳಿದ: "ಮುಂಚಿ ಪಾಡೊಡಾ ಅಕ್ಕಾ?"

ಮೆಣಸು ಹಾಕಬೇಕೇ ಎಂದು ಅವನು ಕೇಳಿದ್ದು. ಅಕ್ಕ ಅವನ ಎದೆಯ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದರು.

"ನೀನು ಎಲ್ಲಿಯವನು?"

"ವಾಮದಪದವು ಅಕ್ಕ. ನಿಮ್ಮ ಮನೆಯ ಗದ್ದೆ ದಾಟಿಯೇ ನಮ್ಮ ಅಜ್ಜಿಯ ಮನೆಗೆ ಹೋಗುವುದು."

"ನೀನೊಬ್ಬನೇನಾ?"

"ಒಬ್ಬನಾ?" ಅವನು ನಕ್ಕ. "ಅಡುಗೆಕೋಣೆಯಲ್ಲಿ ನಮ್ಮ ಕಡೆಯವರು ಬೇಕಾದಷ್ಟು ಜನ ಉಂಟು. ಮೊದಲ ದಿನ ಲಿಫ್ಟಿನಲ್ಲಿ ನೀವು ಕಿವಿಯ ವಿಷಯ ಮಾತಾಡುವಾಗ ನಾನು ನಿಮ್ಮ ಹಿಂದೆಯೇ ಇದ್ದೆ. ಗಂಜಿ ನಮ್ಮ ಊಟದ ಅಕ್ಕಿಯಲ್ಲಿ ಮಾಡಿದ್ದು. ಚೆನ್ನಾಗಿತ್ತಾ?"

"ಅವನಿಗೆ ಹೇಳಿದಿರಾ?" ಅಕ್ಕ ಕೇಳಿದರು.

"ಅವತ್ತೇ ಹೇಳಿದೆವು ಅಕ್ಕ. ಹೇಳದೆ ಇರ್ಲಿಕ್ಕೆ ಆಗ್ತದಾ?"

ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು, ಅಲ್ಲಿ ನೆಲವೂ ಇರಲಿಲ್ಲ. ಅಕ್ಕ ಖಾಲಿ ತಟ್ಟೆಯನ್ನು ಅಲ್ಲಿಯೇ ಇಟ್ಟು ನೇರವಾಗಿ ಊಟದ ಹಾಲ್‌ನ ಬಾಗಿಲಿಗೆ ನಡೆದರು. ಹುಡುಗ ಅಲ್ಲಿ ನಿಂತು ಇಳಿಯುವವರಿಗೆ ಕೈಮುಗಿಯುತ್ತಿದ್ದ. ಇವರು ಬರುವ ರೀತಿಯಿಂದಲೇ ಅವನಿಗೆ ತಿಳಿಯಿತು. ಮುಖ ಬಿಳಿಚಿತು, ಕಿವಿ ಮಾತ್ರ ಕೆಂಪಾಯಿತು.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಬಂದು ಮಾತಾಡ್ಬಹುದಿತ್ತಲ್ಲ? ಯಾಕೆ ಸುಮ್ಮನಿದ್ದೆ?"

"ನೀವು ನೋಡ್ಲಿಕ್ಕೆ ಬಂದದ್ದಲ್ಲವಾ? ಮಾತಾಡಿಸಿದರೆ ಅರ್ಧಕ್ಕೆ ನಿಲ್ಲಿಸ್ತೀರಿ. ನೋಡಿ ಮುಗಿಯಲಿ ಅಂತ."

"ಮಗಳಿಗೆ ಹೇಳಿದ್ದೀಯಾ?"

"ಇಲ್ಲ. ನೀವು ಅವಳಿಗೆ ಹೇಳದೆ ಬಂದಿದ್ದೀರಿ ಅಂತ ಗೊತ್ತಾಯಿತು. ನಿಮ್ಮಿಬ್ಬರ ನಡುವೆ ನನ್ನಿಂದ ಮಾತು ಬರುವುದು ಬೇಡ."

ಅಕ್ಕ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ತಿರುಗಿ ನಡೆದರು. ಅವನು ಅಲ್ಲಿಯೇ ನಿಂತಿದ್ದ. ಇನ್ನು ಆಗುವ ಸಂಬಂಧವಲ್ಲ ಎಂದು ಅವನ ಮುಖದಲ್ಲಿ ಬರೆದಿತ್ತು. ನಾನು ಅಕ್ಕನ ಹಿಂದೆಯೇ ನಡೆದೆ. ನಿಜ ಹೇಳಬೇಕೆಂದರೆ ನನಗೇ ಅವನ ಮೇಲೆ ಅನುಮಾನ ಬಂದಿತ್ತು. ಇಷ್ಟು ನಯವಾಗಿ ಉತ್ತರ ಕೊಡುವವನು ಒಂದು ವಾರ ಬಾಯಿಪಾಠ ಮಾಡಿರಬೇಕಲ್ಲವೇ?

ಇಳಿದು ಹೊರಗೆ ಬಂದು ಬಂದರಿನ ಬೆಂಚಿನ ಮೇಲೆ ಕೂತೆವು. ಪೆಟ್ಟಿಗೆಗಳು ಕಾಲ ಬಳಿ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಕೊನೆಗೆ ನಾನೇ ಬಾಯಿ ತೆರೆದೆ.

"ನೋಡಿದ್ದೆಲ್ಲ ನೀರಿನಲ್ಲಿ ಹೋಯಿತು ಅಕ್ಕ. ಮೊದಲ ದಿನವೇ ಗೊತ್ತಿದ್ದ ಮೇಲೆ, ನಾವು ಕಂಡದ್ದು ಅವನು ತೋರಿಸಿದ್ದು. ಆ ತಾಳ್ಮೆ, ಆ ನಗು, ಯಾವುದು ನಿಜವೋ ಯಾರಿಗೆ ಗೊತ್ತು? ಮಗಳು ಕೇಳಿದರೆ ನಾನು ಏನು ಹೇಳಲಿ?"

"ನಟಿಸಿರಬಹುದು" ಎಂದರು ಅಕ್ಕ.

"ಮತ್ತೆ?"

ಅವರು ಹಡಗಿನ ಕಡೆ ನೋಡುತ್ತ ಹೇಳಿದರು.

"ನನ್ನವರು ನನ್ನೆದುರು ಒಂದು ದಿನ ಸಹ ನಟಿಸಲಿಲ್ಲ ಟೀಚರೇ. ಅಷ್ಟು ಕಷ್ಟ ಪಡುವಷ್ಟು ದೊಡ್ಡವಳು ನಾನಾಗಿರಲಿಲ್ಲ ಅವರಿಗೆ. ಇವನು ಮೈಮೇಲೆ ಚೆಲ್ಲಿಸಿಕೊಂಡು, ಕೆಲಸದ ನಡುವೆ, ನಮ್ಮನ್ನು ನೋಡಿಕೊಂಡು, ಒಂದು ವಾರ ಒಳ್ಳೆಯವನ ಹಾಗೆ ಇದ್ದ. ಯಾಕೆ? ಅವಳ ಅಮ್ಮ ನೋಡ್ತಾಳೆ ಅಂತ. ಒಂದು ವಾರ ನಟಿಸಿದವನು ಮುಂದೆಯೂ ಸ್ವಲ್ಪ ನಟಿಸಿಯಾನು. ಅವಳಿಗೆ ಅಷ್ಟು ಸಾಕು. ನನಗೆ ಅಷ್ಟು ಸಿಕ್ಕಿದ್ದರೂ ಸಾಕಿತ್ತು."

ಫೋನು ತೆಗೆದು ಮಗಳಿಗೆ ಮಾಡಿದರು. ಊರಿನಲ್ಲಿ ಆಗ ಸಂಜೆ. "ಹೇಗುಂಟಮ್ಮ ಟೂರು?" ಎಂದು ಅವಳು ಕೇಳುವುದು ನನಗೂ ಕೇಳಿಸಿತು.

"ಮಿಜಾರಿನವರಿಗೆ ಹೇಳು, ದಿನ ನೋಡ್ಲಿಕ್ಕೆ" ಎಂದರು ಅಕ್ಕ.

ಆ ಕಡೆ ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿಸಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅಕ್ಕ ಫೋನು ಇಟ್ಟು ನನ್ನ ಕಡೆ ತಿರುಗಿದರು. ಅವರ ಕಣ್ಣು ಸಣ್ಣದಾಯಿತು.

"ನೀವು ಯಾಕೆ ಅಳುವುದು ಟೀಚರೇ?" ಎಂದರು. "ಅವನ ವಿಷಯ ನಿಮಗೆ ಎಂತಾದರೂ ಗೊತ್ತುಂಟಾ?"